ಮಾತು ತಲುಪಿಸುವುದೂ ಒಂದು ಅಮಾನತ್

ಒಂದು ಅಂಗಡಿಯಲ್ಲಿ ಮಾಲೀಕರೂ ಮೂವರು ಕೆಲಸಗಾರರೂ ಇದ್ದರೆ ಸುದ್ದಿ ಮುಟ್ಟಿಸಲು ಬೇರೆಯವರು ಬೇಕಾಗಿಲ್ಲ. ನಾಳೆ ಅಂಗಡಿಗೆ ರಜೆ ಎಂದರೆ ಎಲ್ಲರಿಗೂ ಕೇಳಿಸುತ್ತದೆ. ಈ ತಿಂಗಳು ಸಂಬಳ ಎರಡು ದಿನ ತಡವಾಗುತ್ತದೆ ಎಂದರೆ, ಏಕೆ ಎಂದು ಅಲ್ಲಿಯೇ ಕೇಳಬಹುದು. ಆದರೆ ಕೆಲಸಗಾರರು ನಾಲ್ಕು ಸಾವಿರ ಮಂದಿ ಇದ್ದು, ಮೂರು ಪಾಳಿಗಳಲ್ಲಿ, ಐದಾರು ಭಾಷೆ ಮಾತನಾಡುವವರಾಗಿ, ಮಾಲೀಕರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇದ್ದರೆ ಪರಿಸ್ಥಿತಿ ಬದಲಾಗುತ್ತದೆ. ಆಗ ಮೇಲಿನ ಮಾತು ಕೆಳಗೆ ಬರುವಷ್ಟರಲ್ಲಿ ಅರ್ಧವಾಗುತ್ತದೆ. ಕೆಳಗಿನ ಮಾತು ಮೇಲಕ್ಕೆ ಹೋಗುವುದೇ ಇಲ್ಲ.

ಈ ಅಂತರವನ್ನು ತುಂಬಲು ದೊಡ್ಡ ಕಂಪೆನಿಗಳು ಪ್ರತ್ಯೇಕ ಸಿಬ್ಬಂದಿಯನ್ನು ನೇಮಿಸಿಕೊಳ್ಳುತ್ತವೆ. ಈ ವಿಭಾಗಕ್ಕೆ ಆಂತರಿಕ ಸಂವಹನ ಎಂದು ಹೆಸರು. ಜಾಹೀರಾತು ವಿಭಾಗ ಗ್ರಾಹಕರೊಂದಿಗೆ ಮಾತನಾಡುತ್ತದೆ, ಪತ್ರಿಕಾ ಸಂಪರ್ಕ ವಿಭಾಗ ಪತ್ರಕರ್ತರೊಂದಿಗೆ ಮಾತನಾಡುತ್ತದೆ. ಇವರು ಮಾತನಾಡುವುದು ಕಂಪೆನಿಯ ಒಳಗಿನವರೊಂದಿಗೆ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ನಮ್ಮ ಅನೇಕ ಮಕ್ಕಳು ಇಂದು ಇಂತಹ ಕೆಲಸಗಳಲ್ಲಿದ್ದಾರೆ. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಂದಿ ಈ ವಿಭಾಗ ಬರೆದ ನೋಟಿಸುಗಳನ್ನು ಓದುವ ಕಡೆ ನಿಂತಿದ್ದಾರೆ. ಆದ್ದರಿಂದ ಈ ಕೆಲಸದ ಕಷ್ಟವೇನು, ಸಾರ್ಥಕತೆಯೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೇಳುವುದು ಉಪಕಾರವಲ್ಲ, ಹೊಣೆ

ಕೆಲಸಗಾರರಿಗಾಗಿಯೇ ಕಂಪೆನಿ ಪತ್ರಿಕೆ ಹೊರಡಿಸುವ ಪದ್ಧತಿ ಹೊಸದಲ್ಲ. ಇಂಗ್ಲೆಂಡಿನ ಬೋರ್ನ್‌ವಿಲ್‌ನಲ್ಲಿ ಕ್ಯಾಡ್ಬರಿ ಚಾಕಲೇಟ್ ಕಾರ್ಖಾನೆ 1902ರಲ್ಲಿಯೇ ತನ್ನ ಕಾರ್ಮಿಕರಿಗಾಗಿ ಮಾಸಪತ್ರಿಕೆ ಆರಂಭಿಸಿತ್ತು. ನಮ್ಮ ದೇಶದ ಹಳೆಯ ಕಾರ್ಖಾನೆಗಳಲ್ಲಿಯೂ ಇಂತಹ ಪತ್ರಿಕೆಗಳು ಬರುತ್ತಿದ್ದವು. ನಿವೃತ್ತರ ವಿವರ, ಕ್ರೀಡಾಕೂಟದ ಚಿತ್ರ, ಕಾರ್ಮಿಕರ ಮಕ್ಕಳ ಪರೀಕ್ಷಾ ಫಲಿತಾಂಶ ಅವುಗಳಲ್ಲಿ ಅಚ್ಚಾಗುತ್ತಿದ್ದವು.

ಇದು ಸದ್ಭಾವನೆಯ ವಿಷಯ. ಆದರೆ ತಿಳಿಸುವುದು ಮಾಲೀಕರ ಇಷ್ಟಕ್ಕೆ ಬಿಟ್ಟದ್ದಲ್ಲ ಎಂದು ಕಾನೂನು ಬಹಳ ಹಿಂದೆಯೇ ಹೇಳಿದೆ. 1936ರ ವೇತನ ಪಾವತಿ ಕಾಯಿದೆ, ಅದರ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ಕಾರ್ಖಾನೆಯ ಹೆಚ್ಚಿನ ಕೆಲಸಗಾರರ ಭಾಷೆಯಲ್ಲಿಯೂ ತೂಗುಹಾಕಬೇಕೆಂದಿತು. 1946ರ ಸ್ಥಾಯಿ ಆದೇಶಗಳ ಕಾಯಿದೆ ಕೆಲಸದ ನಿಯಮಗಳನ್ನು ಹೆಚ್ಚಿನವರು ಒಳಬರುವ ಬಾಗಿಲ ಬಳಿ, ಅದಕ್ಕೆಂದೇ ಇರಿಸಿದ ಬೋರ್ಡಿನಲ್ಲಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹಾಕಬೇಕೆಂದಿತು. 1947ರ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ವೇತನ, ಕೆಲಸದ ಅವಧಿ, ಪಾಳಿ ಮೊದಲಾದವುಗಳನ್ನು ಬದಲಿಸುವ ಮೊದಲು ಕಾರ್ಮಿಕರಿಗೆ ನೋಟಿಸ್ ಕೊಟ್ಟು 21 ದಿನ ಕಾಯಬೇಕಿತ್ತು. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. ಜೊತೆಗೆ, ಪ್ರತಿಯೊಬ್ಬ ಮಹಿಳೆಗೂ ನೇಮಕದ ಸಮಯದಲ್ಲಿಯೇ ಈ ಸೌಲಭ್ಯಗಳ ಬಗ್ಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ಪ್ರಕಾರ ದೂರು ಸಮಿತಿ ರಚನೆಯ ಆದೇಶ ಎಲ್ಲರಿಗೂ ಕಾಣುವ ಜಾಗದಲ್ಲಿರಬೇಕು. ಹಳೆಯ ಕಾರ್ಮಿಕ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿದ್ದರೂ ತಿಳಿಸುವ ಹೊಣೆ ಮಾಲೀಕರದು ಎಂಬ ತತ್ವ ಉಳಿದೇ ಇದೆ.

ಇವೆಲ್ಲವುಗಳ ಹಿಂದಿರುವ ತಿಳಿವಳಿಕೆ ಸರಳವಾದುದು. ತನಗೆ ಹಕ್ಕು ಇದೆ ಎಂದು ಗೊತ್ತಿಲ್ಲದವನಿಗೆ ಆ ಹಕ್ಕು ಇದ್ದೂ ಇಲ್ಲದಂತೆ. ಆದ್ದರಿಂದ ಕೆಲಸಗಾರನ ಬದುಕಿಗೆ ಸಂಬಂಧಿಸಿದ ಮಾಹಿತಿ ಕಂಪೆನಿಯ ಕೈಯಲ್ಲಿರುವ ಒಂದು ಅಮಾನತ್. ಅದು ಯಾರಿಗೆ ಸೇರಬೇಕೋ ಅವರಿಗೆ, ಕಡಿಮೆ ಮಾಡದೆ, ತಡ ಮಾಡದೆ ಮುಟ್ಟಬೇಕು. ಆಂತರಿಕ ಸಂವಹನದವರು ಆ ಅಮಾನತನ್ನು ಹೊತ್ತು ನಡೆಯುವವರು.

ದಿನನಿತ್ಯದ ಕೆಲಸ ಏನು?

ಹೊರಗಿನವರಿಗೆ ಇದು ಹುಟ್ಟುಹಬ್ಬದ ಶುಭಾಶಯ, ಹಬ್ಬದ ಪೋಸ್ಟರ್, ಟೌನ್‌ಹಾಲ್ ಸಭೆಯ ವ್ಯವಸ್ಥೆ ಮಾಡುವ ಹಗುರ ಕೆಲಸದಂತೆ ಕಾಣುತ್ತದೆ. ಅವೂ ಇವೆ. ಆದರೆ ಹೆಚ್ಚಿನ ಸಮಯ ಹೋಗುವುದು ಬೇರೆ ಕಡೆ. ಆರೋಗ್ಯ ವಿಮೆಯಲ್ಲಿ ತಂದೆ ತಾಯಿಯ ಹೆಸರು ಸೇರಿಸಲು ಕೊನೆಯ ದಿನಾಂಕ ಯಾವುದು, ರಾತ್ರಿ ಪಾಳಿಯ ಬಸ್ಸಿನ ಮಾರ್ಗ ಏಕೆ ಬದಲಾಯಿತು, ಹೊಸ ಯಂತ್ರದ ಬಳಿ ಕೈಗವಸು ಹಾಕಬೇಕೇ ತೆಗೆಯಬೇಕೇ, ಸಂಬಳದ ಚೀಟಿಯಲ್ಲಿ ಹೊಸದಾಗಿ ಕಾಣುವ ಕಡಿತ ಯಾವುದರದ್ದು ಎಂಬಂತಹ ನೂರಾರು ವಿಷಯಗಳನ್ನು ಎಚ್‌ಆರ್, ಲೆಕ್ಕಪತ್ರ, ಸುರಕ್ಷತೆ, ಕಾನೂನು ವಿಭಾಗಗಳಿಂದ ಕೇಳಿ ತಿಳಿದು, ಅವರ ಭಾಷೆಯಿಂದ ಬಿಡಿಸಿ, ಸಾಮಾನ್ಯ ಕೆಲಸಗಾರನ ಭಾಷೆಗೆ ತರಬೇಕು.

ಒಂದು ಉದಾಹರಣೆ ನೋಡೋಣ. “ಅರ್ಹ ಉದ್ಯೋಗಿಗಳು ನಿಗದಿತ ನಮೂನೆಯಲ್ಲಿ ಅವಲಂಬಿತರ ವಿವರಗಳನ್ನು ಅವಧಿಯೊಳಗೆ ಸಲ್ಲಿಸತಕ್ಕದ್ದು” ಎಂದು ಕಚೇರಿಯಿಂದ ಕರಡು ಬರುತ್ತದೆ. ಇದನ್ನು ಓದಿ ಯಾರೂ ಎದ್ದು ಹೋಗಿ ಫಾರಂ ತುಂಬುವುದಿಲ್ಲ. “ನಿಮ್ಮ ಅಪ್ಪ ಅಮ್ಮ ಆಸ್ಪತ್ರೆಗೆ ಸೇರಿದರೆ ಖರ್ಚನ್ನು ವಿಮೆ ಕೊಡಬೇಕೆಂದರೆ, ಅವರ ಹೆಸರನ್ನು ಇದೇ 25ರೊಳಗೆ ಕ್ಯಾಂಟೀನ್ ಪಕ್ಕದ ಕೌಂಟರಿನಲ್ಲಿ ಬರೆಸಿ. ಆಧಾರ್ ಪ್ರತಿ ತನ್ನಿ” ಎಂದು ಬರೆದರೆ ಅಂದೇ ಸಾಲು ನಿಲ್ಲುತ್ತದೆ. ಈ ಎರಡು ಬರಹಗಳ ನಡುವಿನ ವ್ಯತ್ಯಾಸ ಒಂದು ಕುಟುಂಬಕ್ಕೆ ಲಕ್ಷಾಂತರ ರೂಪಾಯಿಯ ವ್ಯತ್ಯಾಸವಾಗಬಹುದು.

ಮೊದಲ ಕಷ್ಟ: ಎರಡು ಕಡೆಯ ನಡುವೆ ನಿಲ್ಲುವುದು

ಈ ಕೆಲಸ ಮಾಡುವವರಿಗೆ ಸಂಬಳ ಕೊಡುವುದು ಆಡಳಿತ. ಅವರನ್ನು ನಂಬಬೇಕಾದವರು ಕೆಲಸಗಾರರು. ಆಡಳಿತಕ್ಕೆ ತನ್ನ ನಿರ್ಧಾರ ಚೆನ್ನಾಗಿ ಕಾಣಬೇಕೆಂಬ ಆಸೆ, ಕೆಲಸಗಾರರಿಗೆ ನಿಜ ತಿಳಿಯಬೇಕೆಂಬ ಆಸೆ. ಒಳ್ಳೆಯ ಸುದ್ದಿಯ ದಿನ ಇವೆರಡೂ ಒಂದೇ. ಕೆಟ್ಟ ಸುದ್ದಿಯ ದಿನ ಬೇರೆಯಾಗುತ್ತವೆ.

2014ರ ಜುಲೈ 17ರಂದು ಮೈಕ್ರೋಸಾಫ್ಟ್ ದೊಡ್ಡ ಪ್ರಮಾಣದ ಉದ್ಯೋಗ ಕಡಿತ ಪ್ರಕಟಿಸಿತು. ನೋಕಿಯಾದಿಂದ ಬಂದಿದ್ದ ಮೊಬೈಲ್ ವಿಭಾಗದ ಮುಖ್ಯಸ್ಥ ಸ್ಟೀಫನ್ ಎಲಾಪ್ ತಮ್ಮ ಸಿಬ್ಬಂದಿಗೆ ಬರೆದ ಪತ್ರ ಗೆಳೆಯರಿಗೆ ಬರೆದಂತಹ ಸಂಬೋಧನೆಯಿಂದ ಆರಂಭವಾಯಿತು. ನಂತರ ಉತ್ಪನ್ನಗಳ ಬಗ್ಗೆ, ಮುಂದಿನ ಯೋಜನೆಗಳ ಬಗ್ಗೆ ಪ್ಯಾರಾಗಳ ಮೇಲೆ ಪ್ಯಾರಾ. ಸುಮಾರು 12,500 ಮಂದಿ ಕೆಲಸ ಕಳೆದುಕೊಳ್ಳುತ್ತಾರೆ ಎಂಬ ಮಾತು ಪತ್ರದ ಬಹಳ ಕೆಳಗೆ ಸಿಕ್ಕಿತು. ತನ್ನ ಕೆಲಸ ಉಳಿಯುತ್ತದೆಯೇ ಎಂದು ಹುಡುಕುತ್ತಾ ಓದಿದವನಿಗೆ ಆ ಪ್ಯಾರಾಗಳನ್ನು ದಾಟುವುದು ಎಂತಹ ಹಿಂಸೆ ಎಂದು ಊಹಿಸಬಹುದು. ಕೆಟ್ಟ ಸುದ್ದಿಯನ್ನು ಹೇಗೆ ಬರೆಯಬಾರದು ಎಂಬುದಕ್ಕೆ ಈ ಪತ್ರವನ್ನು ಇಂದಿಗೂ ತೋರಿಸುತ್ತಾರೆ.

2022ರ ಮಾರ್ಚ್ 17ರಂದು ಬ್ರಿಟನ್ನಿನ ಪಿ ಅಂಡ್ ಓ ಫೆರೀಸ್ ಹಡಗು ಕಂಪೆನಿ ಸುಮಾರು 800 ನಾವಿಕರನ್ನು ಮೊದಲೇ ರೆಕಾರ್ಡ್ ಮಾಡಿದ್ದ ಒಂದು ವಿಡಿಯೋ ಸಂದೇಶದ ಮೂಲಕ ಕೆಲಸದಿಂದ ತೆಗೆಯಿತು. ಯೂನಿಯನ್‌ಗಳೊಂದಿಗೆ ಮಾತುಕತೆ ನಡೆಸುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿತ್ತು, ಆದರೂ ನಡೆಸಲಿಲ್ಲ ಎಂದು ಕಂಪೆನಿಯ ಮುಖ್ಯಸ್ಥರೇ ಬಳಿಕ ಸಂಸದರ ಸಮಿತಿಯ ಮುಂದೆ ಒಪ್ಪಿಕೊಂಡರು. ಇಂತಹ ಸಂದೇಶಕ್ಕೆ ಪದ ಜೋಡಿಸಿಕೊಡಿ ಎಂದು ಆಡಳಿತ ಕೇಳಿದಾಗ ಆ ಮೇಜಿನಲ್ಲಿ ಕೂತವರು ಏನು ಮಾಡಬೇಕು? ಹೀಗೆ ಹೇಳುವುದು ಸರಿಯಲ್ಲ, ಕನಿಷ್ಠ ಎದುರು ನಿಂತು ಹೇಳಿ, ಪ್ರಶ್ನೆಗೆ ಅವಕಾಶ ಕೊಡಿ ಎಂದು ಮೊದಲು ಹೇಳಬೇಕಾದವರು ಅವರೇ. ಹೇಳಿದರೆ ಆಡಳಿತಕ್ಕೆ ಬೇಸರ. ಹೇಳದಿದ್ದರೆ, ಅಂದಿನಿಂದ ಅವರು ಬರೆಯುವ ಯಾವ ಮಾತನ್ನೂ ಕೆಲಸಗಾರರು ನಂಬುವುದಿಲ್ಲ.

ಎರಡನೆಯ ಕಷ್ಟ: ತಿಳಿದೂ ಸುಮ್ಮನಿರುವುದು

ಈ ಕೆಲಸದವರಿಗೆ ಸುದ್ದಿ ಇತರರಿಗಿಂತ ಮೊದಲು ತಿಳಿಯುತ್ತದೆ. ಒಂದು ಘಟಕ ಮುಚ್ಚುವುದಾಗಿ ನಿರ್ಧಾರವಾದರೆ, ಅದರ ಪತ್ರ ಬರೆಯಲು ಮೂರು ವಾರ ಮೊದಲೇ ಅವರನ್ನು ಕರೆಯುತ್ತಾರೆ. ಆ ಮೂರು ವಾರ ಅವರು ಅದೇ ಘಟಕದವರೊಂದಿಗೆ ಕ್ಯಾಂಟೀನಿನಲ್ಲಿ ಊಟ ಮಾಡಬೇಕು. ಮುಂದಿನ ವಾರ ಮನೆ ಸಾಲಕ್ಕೆ ಸಹಿ ಹಾಕುತ್ತೇನೆ ಎಂದು ಎದುರಿಗೆ ಕೂತವರು ಹೇಳಿದಾಗ ಏನು ಉತ್ತರಿಸುವುದು?

ಷೇರು ಪೇಟೆಯಲ್ಲಿ ಹೆಸರಿರುವ ಕಂಪೆನಿಯಾದರೆ ಕಾನೂನೂ ಬಾಯಿ ಕಟ್ಟುತ್ತದೆ. ಸೆಬಿಯ 2015ರ ನಿಯಮಗಳ ಪ್ರಕಾರ ಷೇರಿನ ಬೆಲೆಯ ಮೇಲೆ ಪರಿಣಾಮ ಬೀರುವ ಅಪ್ರಕಟಿತ ಮಾಹಿತಿಯನ್ನು ಅಗತ್ಯವಿಲ್ಲದವರಿಗೆ ತಿಳಿಸುವುದು ಅಪರಾಧ. ಸುದ್ದಿಯನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಿದ ನಂತರವೇ ಸಿಬ್ಬಂದಿಗೆ ಹೇಳಬಹುದು. ಆದರೆ ಅಲ್ಲಿಗೆ ತಿಳಿಸಿದ ಕೆಲವೇ ನಿಮಿಷಗಳಲ್ಲಿ ಟಿವಿಯ ಕೆಳಗಿನ ಪಟ್ಟಿಯಲ್ಲಿ ಅದು ಓಡತೊಡಗುತ್ತದೆ. ಆ ಕೆಲವೇ ನಿಮಿಷಗಳಲ್ಲಿ ಸಾವಿರಾರು ಮಂದಿಗೆ ಸರಿಯಾದ ಮಾತು ಮುಟ್ಟಬೇಕು. ಮುಂಚಿತವಾಗಿ ಸಿದ್ಧಪಡಿಸಿ, ಸೂಪರ್‌ವೈಸರ್‌ಗಳಿಗೆ ಪ್ರಶ್ನೋತ್ತರ ಕೊಟ್ಟು, ಗಡಿಯಾರ ನೋಡುತ್ತಾ ಕೂರಬೇಕು.

ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಈ ಗೆರೆಯನ್ನು ನೆನಪಿಡುವುದು ಇಲ್ಲಿ ಬಹಳ ಮುಖ್ಯ. “ಆ ವಿಷಯ ಈಗ ನಾನು ಮಾತನಾಡುವಂತಿಲ್ಲ” ಎಂದರೆ ಗುಟ್ಟು ಉಳಿಯುತ್ತದೆ, ಮಾತಿನ ಮರ್ಯಾದೆಯೂ ಉಳಿಯುತ್ತದೆ. “ಏನೂ ಇಲ್ಲ, ನಿಶ್ಚಿಂತೆಯಿಂದಿರಿ” ಎಂದರೆ, ನಾಳೆ ಪಟ್ಟಿ ಹೊರಬಿದ್ದ ಮೇಲೆ ಆ ಮುಖವನ್ನು ಮತ್ತೆ ನೋಡಲಾಗುವುದಿಲ್ಲ.

ಮೂರನೆಯ ಕಷ್ಟ: ಕೊನೆಯವರೆಗೆ ಮುಟ್ಟಿಸುವುದು

ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಇಮೇಲ್ ಕಳುಹಿಸುವುದು ಸುಲಭ. ಹೊಲಿಗೆ ಯಂತ್ರದ ಮುಂದೆ, ಗೋದಾಮಿನಲ್ಲಿ, ಲಾರಿಯಲ್ಲಿ, ಅಡುಗೆಮನೆಯಲ್ಲಿ ಇರುವವರಿಗೆ ಇಮೇಲ್ ವಿಳಾಸವೇ ಇರುವುದಿಲ್ಲ. ಗುತ್ತಿಗೆ ಕೆಲಸಗಾರರಾದರೆ ಅವರು ಯಾರ ನೌಕರರು ಎಂಬುದರ ಬಗ್ಗೆಯೇ ಗೊಂದಲ. ಎಲ್ಲರಿಗೂ ಕಳುಹಿಸಿದ್ದೇವೆ ಎಂದು ಕಚೇರಿ ಹೇಳುತ್ತದೆ, ನಮಗೆ ಯಾರೂ ಹೇಳಲಿಲ್ಲ ಎಂದು ಕೆಲಸಗಾರ ಹೇಳುತ್ತಾನೆ. ಇಬ್ಬರ ಮಾತೂ ನಿಜವಾಗಿರುತ್ತದೆ.

ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದೊಡ್ಡ ದಾಂಧಲೆಯಾಯಿತು. ಗಾಜು ಒಡೆಯಿತು, ವಾಹನಗಳಿಗೆ ಹಾನಿಯಾಯಿತು, ಅನೇಕರ ಬಂಧನವಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸುವಂತಿಲ್ಲ. ಆದರೆ ಕಾರಣವೇನು? ಕೆಲಸದ ಅವಧಿಯ ಲೆಕ್ಕವನ್ನು ಕಾರ್ಖಾನೆ ಸರಿಯಾಗಿ ನಿರ್ವಹಿಸಿರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಯಿತು ಎಂದು ಆಪಲ್ ಕಂಪೆನಿಯ ಪ್ರಾಥಮಿಕ ಪರಿಶೀಲನೆಯೇ ಹೇಳಿತು. ಕೆಲವರಿಗೆ ಸರಿಯಾಗಿ ಅಥವಾ ಸಮಯಕ್ಕೆ ಸಂಬಳ ಸಿಗಲಿಲ್ಲ ಎಂದು ಒಪ್ಪಿದ ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಹೆಸರು ಹೇಳದೆಯೇ ದೂರು ಕೊಡಬಹುದಾದ 24 ಗಂಟೆಯ ಸಹಾಯವಾಣಿಯನ್ನು ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ತೆರೆಯಿತು.

ಆ ಸಹಾಯವಾಣಿ ಬಂದದ್ದು ಗಾಜು ಒಡೆದ ಮೇಲೆ. ಸಂಬಳದ ಲೆಕ್ಕ ಕೇಳಲು ಹೋದವನಿಗೆ ಉತ್ತರ ಕೊಡಬಲ್ಲ ಒಬ್ಬ ಮನುಷ್ಯ, ಅವನದೇ ಭಾಷೆಯಲ್ಲಿ, ಮೊದಲ ತಿಂಗಳೇ ಸಿಕ್ಕಿದ್ದರೆ ಎಷ್ಟು ಮಂದಿಯ ಬದುಕು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದೆ ಉಳಿಯಬಹುದಿತ್ತು ಎಂದು ಯೋಚಿಸಬೇಕು.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಕುಟುಂಬಗಳಿಗೆ ಭಾಷೆಯ ಈ ಸಮಸ್ಯೆ ಚೆನ್ನಾಗಿ ಗೊತ್ತು. ಊರಲ್ಲಿ ಒಂದು ಮಾತು, ಅಲ್ಲಿ ಇಳಿದ ಮೇಲೆ ಒಪ್ಪಂದದಲ್ಲಿ ಇನ್ನೊಂದು ಮಾತು ಎಂಬ ದೂರು ಹಳೆಯದು. ಇದನ್ನು ತಡೆಯಲು ಸಂಯುಕ್ತ ಅರಬ್ ಎಮಿರೇಟ್ಸ್ 2016ರಿಂದ ಉದ್ಯೋಗ ಪ್ರಸ್ತಾವ ಪತ್ರವನ್ನು ಅರಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ಅರ್ಥವಾಗುವ ಮೂರನೆಯ ಭಾಷೆಯಲ್ಲಿಯೂ ಕೊಡುವ ವ್ಯವಸ್ಥೆ ಮಾಡಿತು. ಹಿಂದಿ, ಉರ್ದು, ಮಲಯಾಳಂ, ತಮಿಳು ಆ ಭಾಷೆಗಳಲ್ಲಿ ಸೇರಿವೆ. ಸಹಿ ಹಾಕುವ ಮೊದಲು ತನಗೆ ತಿಳಿಯುವ ಭಾಷೆಯ ಪ್ರತಿಯನ್ನು ಕೇಳಿ ಓದುವುದು ನಮ್ಮವರ ಹಕ್ಕು. ಅದನ್ನು ಕೇಳುವಾಗ ಸಂಕೋಚ ಬೇಡ.

ನಾಲ್ಕನೆಯ ಕಷ್ಟ: ಕೆಳಗಿನ ಮಾತನ್ನು ಮೇಲೆ ಒಯ್ಯುವುದು

ನೋಟಿಸ್ ಬರೆಯುವವರು ಅನೇಕರು ಸಿಗುತ್ತಾರೆ. ಕೆಲಸಗಾರರ ಸಿಟ್ಟನ್ನು, ಭಯವನ್ನು ಹಾಗೆಯೇ ಒಯ್ದು ಆಡಳಿತದ ಮೇಜಿನ ಮೇಲೆ ಇಡುವವರು ಸಿಗುವುದು ಅಪರೂಪ. ಮೇಲೆ ಹೋಗುತ್ತಾ ಹೋಗುತ್ತಾ ಕಹಿ ಮಾತು ಸಿಹಿಯಾಗುತ್ತದೆ. ಕೆಲಸಗಾರರು ರೊಚ್ಚಿಗೆದ್ದಿದ್ದಾರೆ ಎಂಬುದು ಸೂಪರ್‌ವೈಸರ್ ಬಾಯಲ್ಲಿ ಸ್ವಲ್ಪ ಅಸಮಾಧಾನವಿದೆ ಎಂದಾಗುತ್ತದೆ. ಮ್ಯಾನೇಜರ್ ವರದಿಯಲ್ಲಿ ಅದು ಕೆಲವು ಸಲಹೆಗಳು ಬಂದಿವೆ ಎಂದಾಗಿ ಮುಗಿಯುತ್ತದೆ.

ಇದರ ಬೆಲೆ ಎಷ್ಟಿರಬಹುದು ಎಂಬುದಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ ಸಾಕ್ಷಿ. 1986ರ ಜನವರಿ 27ರ ರಾತ್ರಿ, ರಾಕೆಟ್ ತಯಾರಿಸಿದ ಥಿಯೋಕಾಲ್ ಕಂಪೆನಿಯ ಎಂಜಿನಿಯರುಗಳು ಈ ಚಳಿಯಲ್ಲಿ ರಬ್ಬರಿನ ಸೀಲುಗಳು ಸರಿಯಾಗಿ ಕೆಲಸ ಮಾಡಲಿಕ್ಕಿಲ್ಲ, ಉಡಾವಣೆ ಬೇಡ ಎಂದು ವಾದಿಸಿದರು. ಅವರದೇ ಮ್ಯಾನೇಜರುಗಳು ಕೊನೆಗೆ ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡರು. ಉಡಾವಣೆಗೆ ಅಂತಿಮ ಒಪ್ಪಿಗೆ ಕೊಡುವವರಿಗೆ ಈ ವಾದವೇ ತಲುಪಲಿಲ್ಲ. ಮರುದಿನ ಬೆಳಿಗ್ಗೆ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಸಿಡಿಯಿತು, ಏಳು ಮಂದಿ ಪ್ರಾಣ ಕಳೆದುಕೊಂಡರು. ತಿಳಿದವರು ಹೇಳಿದ್ದರು. ಹೇಳಿದ್ದು ಸೇರಬೇಕಾದ ಕಿವಿಗೆ ಸೇರಲಿಲ್ಲ.

ನಮ್ಮ ಬೆಂಗಳೂರಿನ ಉದಾಹರಣೆಯೂ ಇದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯದಂತೆ ಮಾಡಿತು. ಕೆಲವು ವರ್ಷ ದುಡಿದು ಕೆಲಸ ಬಿಟ್ಟು, ಮಗಳ ಮದುವೆಗೋ ಮನೆ ಬಾಡಿಗೆಯ ಮುಂಗಡಕ್ಕೋ ಆ ಹಣವನ್ನೇ ನೆಚ್ಚಿಕೊಂಡಿದ್ದ ಗಾರ್ಮೆಂಟ್ಸ್ ಮಹಿಳೆಯರಿಗೆ ಇದು ದೊಡ್ಡ ಹೊಡೆತ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಹಿಳೆಯರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಎರಡನೆಯ ದಿನ ಸರಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಇಲ್ಲಿ ತಪ್ಪು ತಿಳಿವಳಿಕೆಯೇನೂ ಇರಲಿಲ್ಲ. ನಿಯಮವೇ ತೊಡಕಿನದಾಗಿತ್ತು. ಅದನ್ನು ಎಷ್ಟು ಚೆಂದದ ಕನ್ನಡದಲ್ಲಿ ವಿವರಿಸಿದ್ದರೂ ಆ ಮಹಿಳೆಯರು ಒಪ್ಪುತ್ತಿರಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಒಳ್ಳೆಯ ಸಂವಹನ ಕೆಟ್ಟ ನಿರ್ಧಾರಕ್ಕೆ ಮದ್ದಲ್ಲ ಎಂಬುದನ್ನು ಈ ಕೆಲಸದವರು ಮೊದಲು ಕಲಿಯಬೇಕು. ನಿಯಮ ಹೊರಬಿದ್ದದ್ದಕ್ಕೂ ಜನ ರಸ್ತೆಗೆ ಇಳಿದದ್ದಕ್ಕೂ ನಡುವೆ ಎರಡು ತಿಂಗಳಿತ್ತು. ಅಂತಹ ಎರಡು ತಿಂಗಳಲ್ಲಿ ಹೊಲಿಗೆಯ ಸಾಲುಗಳ ನಡುವೆ ಓಡಾಡಿ, ಇದು ಇವರ ಮನೆಗೆ ಏನು ಮಾಡುತ್ತದೆ ಎಂದು ಕೇಳಿ, ಅದನ್ನು ಆಡಳಿತಕ್ಕೂ ಆಡಳಿತದ ಮೂಲಕ ಸರಕಾರಕ್ಕೂ ಮುಟ್ಟಿಸುವುದೇ ಈ ಕೆಲಸದ ಅರ್ಧ ಭಾಗ. ಮಶ್ವರಾ ಎಂಬ ಮಾತಿಗೆ ಅರ್ಥ ಬರುವುದು ಹೀಗೆ ಕೆಳಗಿನವರ ಮಾತೂ ಲೆಕ್ಕಕ್ಕೆ ಬಂದಾಗ.

ಕೆಟ್ಟ ಸುದ್ದಿಯನ್ನು ಹೇಳುವ ರೀತಿ

ಕೆಟ್ಟ ಸುದ್ದಿಯನ್ನು ಮರ್ಯಾದೆಯಿಂದ ಹೇಳಿದವರೂ ಇದ್ದಾರೆ. ಕೋವಿಡ್ ಆರಂಭವಾದ 2020ರ ಮಾರ್ಚ್‌ನಲ್ಲಿ ಹೋಟೆಲ್‌ಗಳೆಲ್ಲ ಖಾಲಿಯಾದಾಗ ಮ್ಯಾರಿಯಟ್ ಕಂಪೆನಿಯ ಮುಖ್ಯಸ್ಥ ಆರ್ನೆ ಸೋರೆನ್ಸನ್ ಸಿಬ್ಬಂದಿಗೆ ವಿಡಿಯೋದಲ್ಲಿ ಮಾತನಾಡಿದರು. ಆಗ ಅವರು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದು ತಲೆಗೂದಲು ಉದುರಿತ್ತು. ಆ ರೂಪದಲ್ಲಿ ಕಾಣಿಸಿಕೊಳ್ಳುವ ಬಗ್ಗೆ ತಂಡಕ್ಕೆ ಅಳುಕಿತ್ತು ಎಂಬುದನ್ನೂ ಅವರೇ ಹೇಳಿದರು. ವ್ಯಾಪಾರ ಎಷ್ಟು ಕುಸಿದಿದೆ ಎಂದು ಅಂಕಿಗಳೊಂದಿಗೆ ವಿವರಿಸಿದರು. ಉಳಿದ ವರ್ಷಕ್ಕೆ ತಾವು ಸಂಬಳ ತೆಗೆದುಕೊಳ್ಳುವುದಿಲ್ಲ, ಹಿರಿಯ ಅಧಿಕಾರಿಗಳ ಸಂಬಳ ಅರ್ಧವಾಗುತ್ತದೆ ಎಂದರು. ಆ ಮಾತಿನಿಂದ ಯಾರ ಕೆಲಸವೂ ಉಳಿಯಲಿಲ್ಲ. ಆದರೆ ಹೊರೆಯಲ್ಲಿ ತಮಗೂ ಪಾಲಿದೆ ಎಂದು ಮುಖ್ಯಸ್ಥರು ತೋರಿಸಿಕೊಟ್ಟರು.

ಅದೇ ವರ್ಷದ ಮೇ 5ರಂದು ಏರ್‌ಬಿಎನ್‌ಬಿ ಕಂಪೆನಿ ತನ್ನ ಸುಮಾರು 7,500 ಸಿಬ್ಬಂದಿಯಲ್ಲಿ 1,900ರಷ್ಟು ಮಂದಿಯನ್ನು ಬಿಟ್ಟಿತು. ಮುಖ್ಯಸ್ಥ ಬ್ರಯಾನ್ ಚೆಸ್ಕಿ ಬರೆದ ಪತ್ರದಲ್ಲಿ ಕಡಿತದ ವಿಷಯ ಮೊದಲಲ್ಲಿಯೇ ಬಂತು. ಏಕೆ, ಯಾವ ಆಧಾರದಲ್ಲಿ, ಪರಿಹಾರ ಎಷ್ಟು, ಆರೋಗ್ಯ ವಿಮೆ ಎಲ್ಲಿಯವರೆಗೆ, ಬೇರೆ ಕೆಲಸ ಹುಡುಕಲು ಏನು ನೆರವು ಎಂಬುದನ್ನು ಒಂದೊಂದಾಗಿ ಬರೆಯಲಾಗಿತ್ತು. ಅಮೆರಿಕದ ಸಿಬ್ಬಂದಿಗೆ ಕನಿಷ್ಠ 14 ವಾರಗಳ ಮೂಲ ವೇತನ ದೊರೆಯಿತು, ಕೆಲಸ ಬಿಟ್ಟವರು ಲ್ಯಾಪ್‌ಟಾಪನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬಹುದಿತ್ತು.

ಈ ಎರಡರಿಂದ ಕಲಿಯಬಹುದಾದದ್ದನ್ನು ಹೀಗೆ ಸಂಗ್ರಹಿಸಬಹುದು. ಮುಖ್ಯ ಸುದ್ದಿ ಮೊದಲ ಸಾಲುಗಳಲ್ಲಿ ಬರಲಿ. ಕಾರಣ ನಿಜವಾದದ್ದಾಗಿರಲಿ. “ಪುನರ್‌ರಚನೆ”ಯಂತಹ ಪದಗಳ ಹಿಂದೆ ಅಡಗಬೇಡಿ, ಕೆಲಸ ಹೋಗುತ್ತದೆ ಎಂದರೆ ಕೆಲಸ ಹೋಗುತ್ತದೆ ಎಂದೇ ಬರೆಯಿರಿ. ಓದುವವನು ಮರುಕ್ಷಣ ಕೇಳುವ ಪ್ರಶ್ನೆಗಳಿಗೆ, ಅಂದರೆ ಹಣ, ದಿನಾಂಕ, ವಿಮೆ, ಅನುಭವ ಪತ್ರ ಇವುಗಳಿಗೆ, ಅಲ್ಲೇ ಉತ್ತರವಿರಲಿ. ಹೇಳುವವರು ಎದುರಿಗಿರಲಿ ಮತ್ತು ಪ್ರಶ್ನೆ ಮುಗಿಯುವವರೆಗೆ ಅಲ್ಲಿಯೇ ಇರಲಿ.

ಸಾರ್ಥಕತೆ ಎಲ್ಲಿದೆ?

ಇಷ್ಟೆಲ್ಲ ಕಷ್ಟವಿದ್ದರೆ ಈ ಕೆಲಸ ಏಕೆ ಬೇಕು ಎಂದು ಕೇಳಬಹುದು. ಹೆಸರು ಬರುವ ಕೆಲಸವೂ ಇದಲ್ಲ. ಪತ್ರ ಬರೆದವರು ಇವರು, ಸಹಿ ಹಾಕುವವರು ಮುಖ್ಯಸ್ಥರು. ಎಲ್ಲ ಸರಿಹೋದರೆ ಯಾರಿಗೂ ನೆನಪಾಗುವುದಿಲ್ಲ, ಒಂದು ದಿನಾಂಕ ತಪ್ಪಿದರೆ ನೂರು ಫೋನು ಬರುತ್ತದೆ. ಮಾರಾಟ ವಿಭಾಗದಂತೆ ತಿಂಗಳ ಕೊನೆಗೆ ತೋರಿಸಲು ಲೆಕ್ಕವೂ ಇರುವುದಿಲ್ಲ. ಎಷ್ಟು ಮಂದಿ ಇಮೇಲ್ ತೆರೆದರು ಎಂದು ಎಣಿಸಬಹುದು, ಎಷ್ಟು ಮಂದಿಗೆ ನೆಮ್ಮದಿಯಾಯಿತು ಎಂದು ಎಣಿಸಲಾಗುವುದಿಲ್ಲ. ಕಂಪೆನಿಗೆ ಕಷ್ಟ ಬಂದಾಗ ಮೊದಲು ಕತ್ತರಿ ಬೀಳುವ ವಿಭಾಗಗಳಲ್ಲಿ ಇದೂ ಒಂದು.

ಆದರೂ ಇದರಲ್ಲಿ ಬಹುಕಾಲ ನಿಲ್ಲುವವರಿದ್ದಾರೆ. ಗೋಡೆಯ ಮೇಲಿನ ಸುರಕ್ಷತಾ ಚಿತ್ರ ನೋಡಿ ಒಬ್ಬ ಹುಡುಗ ಯಂತ್ರದಿಂದ ಕೈ ಹಿಂದಕ್ಕೆ ತೆಗೆದಿರುತ್ತಾನೆ. ತನಗೆ 26 ವಾರ ರಜೆಯಿದೆ ಎಂದು ತಿಳಿದ ಸಹೋದರಿಯೊಬ್ಬಳು ರಾಜೀನಾಮೆ ಬರೆಯದೆ ಉಳಿದಿರುತ್ತಾಳೆ. ದೂರು ಕೊಡುವ ಜಾಗ ಯಾವುದೆಂದು ತಿಳಿದು ಇನ್ನೊಬ್ಬಳು ಧೈರ್ಯ ಮಾಡಿರುತ್ತಾಳೆ. ಇವರು ಯಾರೂ ನೋಟಿಸ್ ಬರೆದವರನ್ನು ಹುಡುಕಿ ಬಂದು ಧನ್ಯವಾದ ಹೇಳುವುದಿಲ್ಲ. ತನ್ನ ಮಾತು ಎಲ್ಲಿಯೋ ಒಂದು ಮನೆಯನ್ನು ಕಾಯುತ್ತಿದೆ ಎಂಬ ಅರಿವೇ ಇಲ್ಲಿ ಸಿಗುವ ದೊಡ್ಡ ಸಂಬಳ.

ಕಲಿಕೆಯೂ ಸಣ್ಣದಲ್ಲ. ಬೇರೆ ವಿಭಾಗದವರು ಕಂಪೆನಿಯ ಒಂದು ಮೂಲೆಯನ್ನು ನೋಡಿದರೆ ಇವರು ಗೇಟಿನ ಕಾವಲುಗಾರರಿಂದ ಮುಖ್ಯಸ್ಥರ ಕೊಠಡಿಯವರೆಗೆ ಎಲ್ಲರೊಂದಿಗೆ ಮಾತನಾಡುತ್ತಾರೆ. ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ, ಜಗಳ ಎಲ್ಲಿ ಹುಟ್ಟುತ್ತದೆ ಎಂಬುದು ಇವರಿಗೆ ತಿಳಿಯುತ್ತದೆ.

ಈ ದಾರಿ ಹಿಡಿಯುವ ಯುವಜನರಿಗೆ

ನಮ್ಮ ಯುವಕ ಯುವತಿಯರಿಗೆ ಇಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಬೀದಿಯಲ್ಲಿ ತುಳು ಅಥವಾ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕೆಲಸದಲ್ಲಿ ಹಿಂದಿ ಹೀಗೆ ನಾಲ್ಕೈದು ಭಾಷೆಗಳ ನಡುವೆ ಬೆಳೆದವರು ಬಹಳ ಮಂದಿ. ಒಂದೇ ವಿಷಯವನ್ನು ಅಜ್ಜಿಗೆ ಒಂದು ರೀತಿ, ಮೇಷ್ಟ್ರಿಗೆ ಒಂದು ರೀತಿ ಹೇಳುವುದು ನಮಗೆ ಚಿಕ್ಕಂದಿನಿಂದ ರೂಢಿ. ಆಂತರಿಕ ಸಂವಹನಕ್ಕೆ ಬೇಕಾದ ಮೂಲ ಶಕ್ತಿ ಇದೇ. ಅದಕ್ಕೆ ಚೊಕ್ಕವಾಗಿ ಕನ್ನಡ ಮತ್ತು ಇಂಗ್ಲಿಷ್ ಬರೆಯುವ ಅಭ್ಯಾಸ, ಕಾರ್ಮಿಕ ಕಾನೂನಿನ ಪರಿಚಯ, ಸಂಬಳದ ಚೀಟಿ ಓದುವ ಜ್ಞಾನ ಸೇರಿದರೆ ಸಾಕಷ್ಟಾಯಿತು. ಪತ್ರಿಕೋದ್ಯಮ ಓದಿದವರು, ಎಚ್‌ಆರ್ ಓದಿದವರು, ಸಾಹಿತ್ಯ ಓದಿದವರು ಎಲ್ಲರೂ ಇದಕ್ಕೆ ಬರುತ್ತಾರೆ.

ಒಂದು ಅಭ್ಯಾಸವನ್ನು ಮೊದಲ ದಿನದಿಂದ ರೂಢಿಸಿಕೊಳ್ಳಿ. ಬರೆದ ನೋಟಿಸನ್ನು ಹಾಕುವ ಮೊದಲು, ಅದು ಯಾರಿಗಾಗಿಯೋ ಅವರಲ್ಲಿ ಒಬ್ಬರಿಗೆ ಓದಲು ಕೊಡಿ. ಅರ್ಥವಾಯಿತೇ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ಈಗ ನೀವು ಏನು ಮಾಡುತ್ತೀರಿ ಎಂದು ಕೇಳಿ. ಅವರ ಉತ್ತರ ನಿಮ್ಮ ನೋಟಿಸ್ ಎಲ್ಲಿ ತಿದ್ದಬೇಕೆಂದು ಹೇಳಿಬಿಡುತ್ತದೆ.

ಹತ್ತು ಮಂದಿಗೆ ಕೆಲಸ ಕೊಡುವವರಿಗೂ

ಇದು ದೊಡ್ಡ ಕಂಪೆನಿಗಳ ವಿಷಯ, ನಮಗೇನು ಎಂದು ಅಂಗಡಿ, ಗ್ಯಾರೇಜ್, ಹೋಟೆಲ್, ಬೇಕರಿ, ಶಾಲೆ ನಡೆಸುವವರು ಭಾವಿಸಬಾರದು. ಹತ್ತು ಮಂದಿ ದುಡಿಯುವ ಕಡೆಯೂ ಸಂಬಳ ಯಾವ ದಿನ, ರಜೆ ಎಷ್ಟು, ಹೆಚ್ಚು ಹೊತ್ತು ದುಡಿದರೆ ಲೆಕ್ಕ ಹೇಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ವ್ಯಾಪಾರ ಇಳಿದಿದ್ದರೆ ಕೆಲಸಗಾರರು ಅದನ್ನು ಪಕ್ಕದ ಅಂಗಡಿಯವರಿಂದ ಕೇಳುವ ಮೊದಲು ನಾವೇ ಕರೆದು ಹೇಳಬಹುದು. ಸಂಬಳ ತಡವಾಗುವುದಿದ್ದರೆ ಒಂದನೇ ತಾರೀಕು ದಾಟಿದ ಮೇಲೆ ಅಲ್ಲ, ಅದಕ್ಕೆ ಮೊದಲೇ ಹೇಳಿದರೆ ಅವರು ಮನೆಯ ಬಾಡಿಗೆಗೆ ಬೇರೆ ದಾರಿ ನೋಡಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಹದಿನೈದು ನಿಮಿಷ ಎಲ್ಲರೂ ಕೂತು, ಮಾಲೀಕರು ಕಡಿಮೆ ಮಾತನಾಡಿ ಕೆಲಸಗಾರರು ಹೆಚ್ಚು ಮಾತನಾಡುವ ಪದ್ಧತಿ ಇಟ್ಟುಕೊಳ್ಳಬಹುದು. ಇದಕ್ಕೆ ಖರ್ಚು ಒಂದು ಕಪ್ ಚಹಾ.

ಪ್ರಿಯ ಓದುಗರೇ, ದುಡಿಯುವವನ ಬದುಕು ಸಂಬಳದ ಮೇಲೆ ಮಾತ್ರ ನಿಂತಿಲ್ಲ. ನಾಳೆ ಏನಾಗಲಿದೆ ಎಂದು ತಿಳಿದಿರುವುದರ ಮೇಲೂ ನಿಂತಿದೆ. ತಿಳಿದವನು ಸಿದ್ಧನಾಗುತ್ತಾನೆ, ತಿಳಿಯದವನು ಭಯಪಡುತ್ತಾನೆ, ಭಯಪಟ್ಟವನು ಗಾಳಿಸುದ್ದಿಯನ್ನು ನಂಬುತ್ತಾನೆ. ನಮ್ಮ ಕೈಕೆಳಗೆ ದುಡಿಯುವವರು ತಮ್ಮ ಬದುಕಿನ ಸುದ್ದಿಯನ್ನು ಯಾರಿಂದ, ಯಾವಾಗ ಕೇಳುತ್ತಿದ್ದಾರೆ ಎಂಬುದನ್ನು ಈ ವಾರವೇ ಒಮ್ಮೆ ಅವರಲ್ಲಿ ವಿಚಾರಿಸೋಣ.